ಹೆರಿಗೆ ದವಾಖಾನೆಯ ಮೇಲಿನ ಬಿಸಿಲ ಹಂಡೆ

ತುಂಬಿದ ಸಭೆಯಲ್ಲಿ ನನ್ನ ಅಕ್ಕ ನನ್ನ ಕಡೆ ತಿರುಗಿ, ನಾನು ಮಾಡಿದ ಕೆಲಸದಲ್ಲಿ ಏನಾದರೂ ತಪ್ಪಿದೆಯೇ ಎಂದು ಕೇಳಿದಳು. ಇದೆ ಎಂದು ಹೇಳಬೇಕಾಗಿತ್ತು. ನಾನು ಹೇಳಲಿಲ್ಲ. ಎಲ್ಲ ಬರೋಬ್ಬರಿ ಇದೆ ಎಂದುಬಿಟ್ಟೆ. ಆ ಒಂದು ಮಾತಿನಿಂದ ಅವಳು ಚಳಿಗಾಲದ ಬೆಳಗುಗಳಲ್ಲಿ ಬಿಸಿನೀರಿನ ಕೊಡ ಹೊತ್ತು ಓಣಿ ದಾಟಬೇಕಾಯಿತು. ಅದು ಹೇಗಾಯಿತು ಎಂಬುದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಬರವಣಿಗೆ ಅಲ್ಲಲ್ಲಿ ಎಡವಿದರೆ ಸುಧಾರಿಸಿಕೊಳ್ಳಬೇಕು.

ನಮ್ಮೂರು ಹಾನಗಲ್ಲಿನಿಂದ ಶಿಗ್ಗಾಂವಿಗೆ ಹೋಗುವ ದಾರಿಯಲ್ಲಿದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಂಡಲ ಪಂಚಾಯತಿಗಳು ಬಂದ ಹೊಸತು. ಹೆಂಗಸರಿಗೆ ಮೀಸಲಿಟ್ಟ ಜಾಗದಿಂದ ಅಕ್ಕ ಮೆಂಬರಾಗಿ ಆರಿಸಿ ಬಂದಿದ್ದಳು. ನಾನು ನಳ ಜೋಡಿಸುವವನು. ಪಂಪಸೆಟ್ಟು, ಪೈಪು, ನೀರಿನ ಟಾಕಿ, ಇವೇ ನನ್ನ ಕೆಲಸ.

ಊರಲ್ಲಿ ಒಂದು ಸಣ್ಣ ಹೆರಿಗೆ ದವಾಖಾನೆ ಇತ್ತು. ಅದರ ಹಿಂದಿನ ಬಚ್ಚಲಲ್ಲಿ ದೊಡ್ಡ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ. ಬಾಣಂತಿಯರಿಗೂ ಕೂಸುಗಳಿಗೂ ಅಲ್ಲಿಂದಲೇ ನೀರು. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಿ ಹೊಗೆ ಒಳಗೆ ಬಾಣಂತಿಯರು ಮಲಗುವ ಕಾಟುಗಳವರೆಗೆ ಬರುತ್ತಿತ್ತು. ಅಕ್ಕನ ಎರಡೂ ಹೆರಿಗೆ ಅಲ್ಲಿಯೇ ಆಗಿದ್ದವು. ಕೆಮ್ಮುವ ಹಸಿಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದನ್ನು ಅವಳು ಮರೆತಿರಲಿಲ್ಲ. ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಯಂತ್ರವನ್ನು ಧಾರವಾಡದ ಒಂದು ಹಾಸ್ಟೆಲಿನ ಮೇಲೆ ನೋಡಿ ಬಂದವಳು ಸಭೆಯ ಮುಂದೆ ಒಂದು ಠರಾವು ಇಟ್ಟಳು. ಮಂಡಲದಲ್ಲಿ ಇನ್ನು ಮುಂದೆ ಕಟ್ಟುವ ದವಾಖಾನೆ, ಹಾಸ್ಟೆಲು, ಧರ್ಮಶಾಲೆ, ಕಲ್ಯಾಣ ಮಂಟಪ ಯಾವುದೇ ಇರಲಿ, ಮಾಳಿಗೆಯ ಮೇಲೆ ಬಿಸಿಲ ಹಂಡೆ ಕೂಡಿಸಬೇಕು. ಕೂಡಿಸದಿದ್ದರೆ ಕಟ್ಟಲು ಪರವಾನಿಗಿ ಇಲ್ಲ.

ಎದ್ದು ನಿಂತವರು ಕಲ್ಯಾಣ ಮಂಟಪ ಕಟ್ಟಿಸಲು ತಯಾರಿ ನಡೆಸಿದ್ದ ಇನ್ನೊಬ್ಬ ಮೆಂಬರರು. ದೊಡ್ಡ ದನಿಯ, ಜನರನ್ನು ನಗಿಸುವ ಮನುಷ್ಯ.

"ಅಕ್ಕಾರ, ನನ್ನ ಮಾಳಗಿ ಮ್ಯಾಲ ಏನಿರಬೇಕಂತ ಪಂಚಾಯತಿ ಹೇಳೂದಂದ್ರ ಹ್ಯಾಂಗ್ರಿ? ಇವತ್ತ ಬಿಸಿಲ ಡಬ್ಬಿ ಇಡು ಅಂತೀರಿ. ನಾಳೆ ಕುಂಬಳ ಬಳ್ಳಿ ಹಬ್ಬಿಸು ಅಂತೀರಿ."

"ಮೋರಿ ಎತ್ತಾಗ ಬಿಡಬೇಕಂತ ಪಂಚಾಯತಿ ಹೇಳೂದಿಲ್ಲೇನ್ರಿ?" ಎಂದಳು ಅಕ್ಕ. "ಪಾಯಖಾನಿ ಬಾವಿಯಿಂದ ದೂರ ಕಟ್ಟು ಅಂತ ಹೇಳೂದಿಲ್ಲೇನು? ಹಂಗ ಇದೂ."

"ಹಾನಗಲ್ಲದಾಗ ಐತೇನ್ರಿ ಈ ಕಾಯ್ದೆ? ಸವಣೂರಾಗ? ಹಿರೇಕೆರೂರಾಗ?"

"ಇಲ್ರಿ. ನಮ್ಮನ್ನ ನೋಡಿ ಅವರು ಮಾಡ್ಲಿ."

ಮಂಡಲದ ಪ್ರಧಾನರು ನಡುವೆ ಬಂದರು. ಮೊದಲು ಹೆರಿಗೆ ದವಾಖಾನೆಯ ಮೇಲೆ ಒಂದನ್ನು ಕೂಡಿಸಿ ನೋಡೋಣ, ಚಳಿಗಾಲದಲ್ಲಿ ನೀರು ಕಾದರೆ ಠರಾವು ಪಾಸು ಮಾಡೋಣ ಎಂದರು. ಹುಬ್ಬಳ್ಳಿಯ ಒಂದು ಕಂಪನಿಯವರು ಜನರಿಗೆ ತೋರಿಸಲೆಂದು ಒಂದು ಯಂತ್ರ ಕೊಡಲು ಒಪ್ಪಿದ್ದರು. ಕೂಡಿಸುವವರು ಯಾರು ಎಂಬ ಮಾತು ಬಂದಾಗ ಅಕ್ಕ, "ನಮ್ಮ ತಮ್ಮ ಅದಾನಲ್ರಿ" ಎಂದಳಂತೆ. ದವಾಖಾನೆಯ ನರ್ಸಬಾಯಿ, "ಒಲಿ ತೆಗದ್ರ ಆ ಜಾಗಾದಾಗ ಇನ್ನೊಂದು ಕಾಟು ಹಿಡಸ್ತೈತ್ರಿ" ಎಂದಾಗ ಅಕ್ಕ ಹಿಂದೆಮುಂದೆ ನೋಡದೆ, "ತೆಗಸ್ರಿ" ಎಂದಳು. ಯಂತ್ರ ಬರುತ್ತಲೇ ಒಲೆ ಕಿತ್ತರು.

ಬಸವ ಜಯಂತಿ ಮುಗಿದ ಮೇಲೆ ಯಂತ್ರ ಬಂತು. ನೋಡಲು ಸರಳ. ಬಾಗಿಲಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ, ಮೇಲೆ ಗಾಜು, ಒಳಗೆ ಕರಿಬಣ್ಣ ಹೊಡೆದ ತಾಮ್ರದ ಕೊಳವೆಗಳು. ಜೊತೆಗೆ ದಪ್ಪ ಹೊದಿಕೆ ಸುತ್ತಿದ ಒಂದು ಟಾಕಿ. ಪೆಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಬೇಕು. ಟಾಕಿಯನ್ನು ಅದರ ಹಿಂದೆ, ಅದಕ್ಕಿಂತ ಎತ್ತರದಲ್ಲಿ ಇಡಬೇಕು. ಮೋಟಾರು ಬೇಡ. ಕಾದ ನೀರು ತಾನೇ ಮೇಲೇರಿ ಟಾಕಿ ಸೇರುತ್ತದೆ, ಟಾಕಿಯ ತಳದ ತಣ್ಣೀರು ಪೆಟ್ಟಿಗೆಗೆ ಇಳಿಯುತ್ತದೆ. ಕಂಪನಿಯ ಮನುಷ್ಯ ಇದನ್ನೆಲ್ಲ ತಿಳಿಸಿ, ಮಾಳಿಗೆಯ ಮೇಲೆ ಸೀಮೆಸುಣ್ಣದ ಖಡುವಿನಿಂದ ಒಂದು ಬಾಣ ಬರೆದ.

"ಗಾಜಿನ ಮಾರಿ ದಕ್ಷಿಣಕ್ಕ ಇರಬೇಕು ನೋಡಪಾ. ಉಳದದ್ದೆಲ್ಲ ನಿನಗ ಗೊತ್ತಿದ್ದದ್ದ" ಎಂದು ಹೇಳಿ ಶಿಗ್ಗಾಂವಿ ಬಸ್ಸು ಹಿಡಿಯಲು ಇಳಿದುಹೋದ.

ಮಾಳಿಗೆಯ ತೊಟ್ಟಿಯಿಂದ ನೀರು ತರಲು ಮೇಲೆ ಬಂದಿದ್ದ ದವಾಖಾನೆಯ ಆಯಾ ಅದನ್ನು ಕೇಳಿಸಿಕೊಂಡಿದ್ದಳು. ವಯಸ್ಸಾದ ಹೆಂಗಸು, ಊರಿನ ಅರ್ಧ ಮಕ್ಕಳಿಗೆ ಎಣ್ಣೆ ಹಚ್ಚಿ ಎರೆದವಳು.

"ಏನಂದಾ ಅಂವಾ? ತೆಂಕಣ ದಿಕ್ಕಿಗೆ ಮಾರಿ ಮಾಡಿ ಬಾಣಂತಿ ನೀರು ಕಾಸೂದಾ? ಯಮನ ದಿಕ್ಕಿಗೆ ಬಾಗಲಾ ಇಡೂದಿಲ್ಲ ನಾವು. ಹಸಿಕೂಸಿನ ನೀರು ಇಡತೀಯೇನೋ?"

ನಾನು ನಗಬೇಕಾಗಿತ್ತು. ನಗು ಬರಲಿಲ್ಲ. ನನ್ನ ಹೆಂಡತಿಗೆ ಆಗ ಐದು ತಿಂಗಳು. ಹಿಂದಿನ ಬಸಿರು ನಿಂತಿರಲಿಲ್ಲ. ಈ ಸಲ ಅವಳ ಹೆರಿಗೆ ಆಗುವುದು ಇದೇ ಮಾಳಿಗೆಯ ಕೆಳಗೆ. ನಮ್ಮ ಕಡೆ ಮನೆ ಕಟ್ಟುವಾಗ, ಒಲೆ ಹೂಡುವಾಗ, ಮಲಗುವಾಗ ಕೂಡ ದಿಕ್ಕು ನೋಡುತ್ತೇವೆ. ಬಿಸಿಲು ಎಲ್ಲ ಕಡೆಗೂ ಒಂದೇ ಅಲ್ಲವೇ, ಮಟಮಟ ಮಧ್ಯಾಹ್ನ ನೆತ್ತಿಯ ಮೇಲೇ ಇರುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಾಣದ ಮೇಲೆ ಒಂದು ಇಟ್ಟಿಗೆ ಇಟ್ಟು, ಅದರ ಮೇಲೆ ಸ್ಟ್ಯಾಂಡಿನ ಕಾಲು ನಿಲ್ಲಿಸಿ, ಗಾಜಿನ ಮುಖವನ್ನು ಉತ್ತರಕ್ಕೆ ಮಾಡಿದೆ. ಆಯಾ ತಲೆಯಾಡಿಸಿ ಕೊಡ ಎತ್ತಿಕೊಂಡು ಹೋದಳು.

ಮಾರನೆಯ ದಿನ ನಳ ತಿರುವಿದರೆ ಕೈ ಇಡಲಾಗದಷ್ಟು ಬಿಸಿ. ನೋಡಲು ಜನ ಬಂದರು. ಮಂಟಪದ ಮೆಂಬರರೂ ಬಂದು ಬೆರಳು ಸುಟ್ಟುಕೊಂಡರು. ಅಕ್ಕನ ಮುಖ ನೋಡಬೇಕಿತ್ತು. ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡೆ. ಅದು ಬೇಸಿಗೆ, ಆಗ ನಮ್ಮ ಕಡೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೇ ವಾಲಿರುತ್ತಾನೆ, ಅದಕ್ಕೇ ನೀರು ಕಾದಿತ್ತು ಎಂಬುದು ನನಗೆ ಹೊಳೆಯಲಿಲ್ಲ.

ಮಳೆಗಾಲದಲ್ಲಿ ನೀರು ಒಮ್ಮೆ ಬೆಚ್ಚಗೆ, ಒಮ್ಮೆ ತಣ್ಣಗೆ. ಮೋಡ ಎಂದು ಎಲ್ಲರೂ ಸುಮ್ಮನಿದ್ದರು. ಗಣಪತಿ ಹಬ್ಬದ ಹೊತ್ತಿಗೆ ನನ್ನ ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಅಕ್ಕನೇ ನಿಂತು ಬಾಣಂತನ ಮಾಡಿದಳು. ದಿಕ್ಕು ತಿರುಗಿಸಿದ್ದು ಒಳ್ಳೆಯದೇ ಆಯಿತು ಎಂದು ನನ್ನ ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಯಿತು.

ದೀಪಾವಳಿ ಕಳೆದು ಮೋಡ ಸರಿಯಿತು. ಚಳಿ ಬಿತ್ತು, ಬಿಸಿಲು ಕಣ್ಣು ಕುಕ್ಕುವಂತಿತ್ತು. ನೀರು ಮಾತ್ರ ಉಗುರುಬೆಚ್ಚಗೆ. ನರ್ಸಬಾಯಿ ದಿನಾ ಹೇಳಿಕಳಿಸತೊಡಗಿದರು. ನಾನು ಹೋಗಿ ನಳದ ವಾಷರು ಬದಲಿಸಿದೆ, ಗಾಜು ಒರೆಸಿದೆ, ಪೈಪಿಗೆ ಗೋಣಿ ಸುತ್ತಿದೆ. ಮಾಡಬೇಕಾದ ಒಂದೇ ಕೆಲಸವನ್ನು ಬಿಟ್ಟು ಉಳಿದ ಎಲ್ಲವನ್ನೂ ಮಾಡಿದೆ.

ಆ ಹೊತ್ತಿಗೆ ಸಭೆ ಕೂಡಿತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮಂಟಪದ ಮೆಂಬರರು ಶಾಲು ಹೊದ್ದುಕೊಂಡು ನಿಧಾನವಾಗಿ ಎದ್ದರು.

"ಅಕ್ಕಾರ, ನಿಮ್ಮ ಸೂರ್ಯಾ ಎತ್ತ ಹೋದಾನ್ರಿ? ದೀಪಾವಳಿಗೆ ತವರಮನಿಗೆ ಹೋದಾಂವ ಇನ್ನೂ ಬಂದಿಲ್ಲೇನು?"

ಸಭೆ ನಕ್ಕಿತು. ಅಕ್ಕ ನಗಲಿಲ್ಲ, ಸಿಟ್ಟಿಗೂ ಬರಲಿಲ್ಲ. ನನ್ನ ಕಡೆ ತಿರುಗಿದಳು.

"ತಮ್ಮಾ, ನೀ ಕೂಡಿಸಿದ್ದರಾಗ ಏನರ ತಪ್ಪೈತೇನು? ಇದ್ರ ಹೇಳು. ತಪ್ಪಾದ್ರ ತಿದ್ದೂಣಂತ."

ದಿಕ್ಕು ತಿರುಗಿಸಿದ್ದೇ ಕಾರಣ ಎಂದು ನನಗೆ ಖಾತ್ರಿ ಇರಲಿಲ್ಲ. ಹೇಳಿಕೊಟ್ಟಂತೆ ನಾನು ಮಾಡಿಲ್ಲ ಎಂಬುದಂತೂ ಖಾತ್ರಿ ಇತ್ತು. ಅಷ್ಟು ಜನರ ನಡುವೆ, ಯಮನಿಗೆ ಅಂಜಿ ತಿರುಗಿಸಿದೆ ಎಂದು ಹೇಳಲು ಬಾಯಿ ಬರಲಿಲ್ಲ.

"ಎಲ್ಲಾ ಬರೋಬ್ಬರಿ ಐತಿ" ಎಂದೆ.

ಅಕ್ಕ ಸಭೆಗೆ, "ಹಂಗಾರ ತಪ್ಪು ನಂದ ಐತಿ. ಪೂರಾ ತಿಳೀದ ಠರಾವು ತಂದೆ" ಎಂದು ಕೂತಳು. ಸಂಕ್ರಾಂತಿ ಆದ ಮೇಲಿನ ಸಭೆಯವರೆಗೆ ನೋಡೋಣ, ಅಲ್ಲಿಯವರೆಗೆ ಸರಿಹೋಗದಿದ್ದರೆ ಠರಾವನ್ನೂ ಡಬ್ಬಿಯನ್ನೂ ಕೂಡಿಯೇ ತೆಗೆಯೋಣ ಎಂದು ಪ್ರಧಾನರು ಮುಗಿಸಿದರು.

ದವಾಖಾನೆಯಲ್ಲಿ ಒಲೆ ಇರಲಿಲ್ಲ. ತೆಗೆಸಿದವಳು ಅಕ್ಕ. ಮರುದಿನದಿಂದ ಅವಳು ತನ್ನ ಮನೆಯ ಒಲೆಯಲ್ಲಿ ಹಂಡೆ ಕಾಯಿಸಿ, ತಲೆಯ ಮೇಲೊಂದು ಕೊಡ, ಟೊಂಕದ ಮೇಲೊಂದು ಕೊಡ ಹೊತ್ತು ದವಾಖಾನೆಗೆ ಹೋಗತೊಡಗಿದಳು. ದಾರಿ ನನ್ನ ಮನೆಯ ಮುಂದೆಯೇ. ಬೆಳಗಿನ ಚಳಿಯಲ್ಲಿ ಕೊಡದ ಬಾಯಿಂದ ಹಬೆ ಏಳುತ್ತಿತ್ತು. ನಾನು ಹಲ್ಲುಜ್ಜುತ್ತ ನಿಂತಿದ್ದರೆ, "ಚಳಿ ಭಾಳ ಐತಿ, ಕೂಸಿಗೆ ಕುಲಾವಿ ಹಾಕ್ರಿ" ಎಂದು ಹೇಳಿ ಮುಂದೆ ಹೋಗುತ್ತಿದ್ದಳು.

ತಡೆಯಲಾಗದೆ ಒಂದು ಮಧ್ಯಾಹ್ನ ಮಾಳಿಗೆ ಹತ್ತಿ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಅಷ್ಟು ದಿನ ಪೈಪುಗಳನ್ನು ನೋಡಿದ್ದೆನೇ ಹೊರತು ನೆರಳನ್ನು ನೋಡಿರಲಿಲ್ಲ. ಸೂರ್ಯ ದಕ್ಷಿಣದ ಕಡೆ ಇಳಿದು ನಿಂತಿದ್ದ. ಪೆಟ್ಟಿಗೆಯ ಹಿಂದೆ ಎತ್ತರದಲ್ಲಿದ್ದ ಟಾಕಿಯ ನೆರಳು ಗಾಜಿನ ಮೇಲಿನ ಭಾಗದ ಮೇಲೆ ಬಿದ್ದಿತ್ತು. ಉಳಿದ ಗಾಜಿನ ಮೇಲೆ ಬಿಸಿಲು ಓರೆಯಾಗಿ ಸವರಿಕೊಂಡು ಹೋಗುತ್ತಿತ್ತು. ಪೆಟ್ಟಿಗೆಯ ಮೇಲಂಚಿನ ತಗಡು ಕೈಗೆ ಚುರುಕ್ಕೆಂದಿತು. ಗಾಜು ಸುಮ್ಮನೆ ಬೆಚ್ಚಗಿತ್ತು. ಉತ್ತರಾಯಣ, ದಕ್ಷಿಣಾಯನ ಎಂಬ ಮಾತು ನಾನು ಚಿಕ್ಕವನಿದ್ದಾಗಿನಿಂದ ಕೇಳಿದ್ದೆ. ಅದು ಹಬ್ಬದ ಮಾತು ಎಂದುಕೊಂಡಿದ್ದೆ.

ಆದರೂ ಸ್ಪ್ಯಾನರು ಹಿಡಿಯಲು ಧೈರ್ಯ ಬರಲಿಲ್ಲ. ನಾನು ತಿರುಗಿಸಿದ ಮೇಲೆ ಕೆಳಗೆ ಯಾವಳಾದರೂ ಬಾಣಂತಿಗೆ ಏನಾದರೂ ಆದರೆ? ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೂಸಿಗೆ ಹಾಲು ಕುಡಿಸುತ್ತ ಪೂರಾ ಕೇಳಿದಳು.

"ಅಲ್ರೀ, ದಿನಾ ಮುಂಜಾನೆ ಅಕ್ಕಾರು ನೀರು ಹೊತಗೊಂಡು ಹೋಗಾಕತ್ತಾರ. ನೀವು ಬಾಗಲದಾಗ ನಿಂತು ನೋಡಾಕತ್ತೀರಿ. ನನಗ ಹೇಳಿದ್ರ ಅಲ್ಲಿ ನೀರು ಕಾಯತೈತೇನು?"

"ಅಂಜಿಕಿ ಬರತೈತಿ."

"ಸೂರ್ಯಾನ ಆ ದಿಕ್ಕಿಗೆ ಹೋಗಿ ಕುಂತಾನ. ಅವಂಗ ಏನಾಗೇತಿ? ಹೋಗಿ ತಿರಿವಿ ಬರ್ರಿ."

ಮರುದಿನ ಹೋದೆ. ಭಾರ ಹಿಡಿಯಲು, ದವಾಖಾನೆಯ ಮುಂದೆ ಮೋರಿ ತೋಡುತ್ತಿದ್ದ ಇಬ್ಬರನ್ನು ಕರೆದೆ. ಟಾಕಿಯ ನೀರು ಖಾಲಿ ಮಾಡಿ ಪೈಪಿನ ಜೋಡಣೆ ಬಿಚ್ಚತೊಡಗಿದರೆ ಪೈಪು ಕೂಡಿಸುವ ಯೂನಿಯನ್ ಒಂದು ತುಕ್ಕು ಹಿಡಿದು ಸೀಳಿಬಿಟ್ಟಿತು. ಹಾನಗಲ್ಲಿಗೆ ಬಸ್ಸು ಹಿಡಿದು ಹೋಗಿ ಹೊಸದು ತಂದೆ. ಒಂದು ದಿನ ಅದರಲ್ಲೇ ಹೋಯಿತು. ಸ್ಟ್ಯಾಂಡು ಎತ್ತಿದಾಗ ಇಟ್ಟಿಗೆಯ ಅಡಿ ಮಳೆ ತಾಗದೆ ಉಳಿದಿದ್ದ ಬಾಣದ ತುದಿ ಕಂಡಿತು. ಸುಮ್ಮನೆ ಅದರ ಪ್ರಕಾರ ತಿರುಗಿಸಿದೆ. ಪೈಪಿನ ತಿರುಪಿಗೆ ಸಣಬು ಸುತ್ತಿ, ಬಿಳಿ ಸಫೇದಾ ಹಚ್ಚಿ ಬಿಗಿದೆ. ನೀರು ತುಂಬಿ ಸಂಜೆಯವರೆಗೆ ಕಾದೆ. ಪೆಟ್ಟಿಗೆಯೊಳಗಿನ ಕೊಳವೆಗಳು ಕಾದು ಕೆಂಡವಾಗಿದ್ದವು. ಟಾಕಿ ತಣ್ಣಗೇ ಇತ್ತು.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮತ್ತೆ ಹತ್ತಿ ನೋಡಿದಾಗ ತಿಳಿಯಿತು. ಮಳೆನೀರು ಹರಿಯಲೆಂದು ಆ ಮಾಳಿಗೆಯನ್ನು ಉತ್ತರಕ್ಕೆ ಇಳಿಜಾರು ಮಾಡಿದ್ದರು. ಮೊದಲು ಟಾಕಿ ದಕ್ಷಿಣದ ಎತ್ತರದ ಬದಿಗಿತ್ತು. ತಿರುಗಿಸಿದಾಗ ತಗ್ಗಿನ ಬದಿಗೆ ಬಂದು ಪೆಟ್ಟಿಗೆಯ ಮಟ್ಟಕ್ಕೆ ಇಳಿದಿತ್ತು. ಕಾದ ನೀರಿಗೆ ಏರಲು ಏರೇ ಇರಲಿಲ್ಲ. ಟಾಕಿಯ ಕಾಲುಗಳ ಕೆಳಗೆ ಇಟ್ಟಿಗೆಯ ವರಸೆ ಏರಿಸಿದೆ, ಬಿಸಿನೀರಿನ ಪೈಪು ಎಲ್ಲಿಯೂ ಬಗ್ಗದೆ ಏರಿಕೊಂಡೇ ಹೋಗುವಂತೆ ಹೊಸದಾಗಿ ಕೊಯ್ದು ಕೂಡಿಸಿದೆ.

ಆಯಾ ಬಂದು ನೋಡಿದಳು. "ಕಡೀಕೂ ತೆಂಕಣಕ್ಕ ತಿರಿವಿದಿ?"

"ತಿರಿವಿದೆ ಆಯಿ. ಏನು ಮಾಡ್ಲಿ, ಸೂರ್ಯಾ ಅಲ್ಲೇ ಅದಾನ."

ಅವಳು ಸೂರ್ಯನ ಕಡೆ ಕೈ ಅಡ್ಡ ಹಿಡಿದು ನೋಡಿದಳು. "ಹಂಗಾರ ಒಂದು ಕಾಯಿ ಒಡಿ. ಒಡದಿಂದ ಎತ್ತ ಮಾರಿ ಇದ್ರೂ ಬಾಧಿಲ್ಲ" ಎಂದಳು. ಇಷ್ಟು ಸುಲಭದ ಪರಿಹಾರ ಮೊದಲೇ ಹೇಳಿದ್ದರೆ ಎನಿಸಿತು. ಮೊದಲು ನಾನು ಅವಳನ್ನು ಕೇಳಿಯೇ ಇರಲಿಲ್ಲ. ಕಾಯಿ ಒಡೆದೆ.

ಮರುದಿನ ಬೆಳಿಗ್ಗೆ ನಳ ತಿರುವಿದ ನರ್ಸಬಾಯಿ, "ಅಯ್ಯಯ್ಯ, ಕೈ ಸುಟ್ತು!" ಎಂದು ಕೂಗಿದ್ದು ಮಾಳಿಗೆಯವರೆಗೆ ಕೇಳಿಸಿತು. ನಾನು ಇಳಿದು ಬರುವಷ್ಟರಲ್ಲಿ ಅಕ್ಕ ಕೊಡ ಹೊತ್ತು ಬಂದಿದ್ದಳು. ಕೊಡ ಇಳಿಸಿ ನಳದ ಕೆಳಗೆ ಕೈ ಒಡ್ಡಿ ಹಿಂದೆ ಎಳೆದುಕೊಂಡು, ಮತ್ತೆ ಒಡ್ಡಿದಳು.

"ಏನಾಗಿತ್ತೋ ತಮ್ಮಾ?"

"ಪೈಪಿನಾಗ ಕಸಾ ಕುಂತಿತ್ತು" ಎಂದೆ. ಎರಡನೆಯ ಸುಳ್ಳು ಮೊದಲಿನದಕ್ಕಿಂತ ಸುಲಭವಾಗಿ ಬಂತು.

ಸಂಕ್ರಾಂತಿ ಆದ ಮೇಲಿನ ಸಭೆಯಲ್ಲಿ ಅಕ್ಕ ಎದ್ದು, ನೀರು ಚೆನ್ನಾಗಿ ಕಾಯುತ್ತಿದೆ, ನಡುವೆ ಪೈಪಿನಲ್ಲಿ ಕಸ ಕೂತಿತ್ತು ಎಂದಳು. ಮಂಟಪದ ಮೆಂಬರರು ಈ ಸಲ ನಗಿಸಲಿಲ್ಲ. ತಿಳಿಯಾಗಿಯೇ ಕೇಳಿದರು.

"ಅಕ್ಕಾರ, ಹೊಸಾ ಯಂತ್ರದಾಗ ಅರ್ಧ ವರ್ಷಕ್ಕ ಕಸಾ ಕುಂತ್ರ, ನೀವು ಊರೆಲ್ಲಾ ಕೂಡಸ್ರಿ ಅಂತ ಕಾಯ್ದೆ ಮಾಡಿದ್ರ, ಪ್ರತಿ ಮಾಳಗಿ ಹತ್ತಿ ಕಸಾ ತಗಿಯಾವ್ರು ಯಾರ್ರಿ? ಕೆಟ್ಟು ಹೋಗೂ ಸಾಮಾನು ಜನರ ತಲಿಗೆ ಕಟ್ಟಬ್ಯಾಡ್ರಿ."

ಅದು ನ್ಯಾಯದ ಮಾತೇ. ಕೂತವರು ತಲೆದೂಗಿದರು. ಅಕ್ಕನ ಕೈಗೆ ನಾನು ಕೊಟ್ಟದ್ದು ಸುಳ್ಳು. ಪ್ರಧಾನರು, "ಹಂಗಾರ ಠರಾವು ಬಿಟ್ಟುಬಿಡೂಣೇನ್ರಿ?" ಎನ್ನುತ್ತಿದ್ದರು. ನಾನು ಬಾಗಿಲಿನಿಂದ ಒಳಗೆ ಬಂದು ನಿಂತೆ.

"ಕಸಾ ಕುಂತಿರಲಿಲ್ರಿ" ಎಂದೆ. "ಯಂತ್ರ ಕೆಟ್ಟಿರಲಿಲ್ಲ. ದಕ್ಷಿಣಕ್ಕ ಮಾರಿ ಮಾಡು ಅಂತ ಕಂಪನಿಯವ್ರು ಬಾಣಾ ಬರದು ಹೇಳಿದ್ರು. ನಾನು ಉತ್ತರಕ್ಕ ಮಾಡಿದ್ದೆ. ನನ್ನ ಹೇಣ್ತಿ ಬಸರಿದ್ಲು, ಅಂಜಿದ್ದೆ. ಹಿಂದಿನ ಸಭಾದಾಗ ಅಕ್ಕ ಕೇಳಿದಾಗ ಸುಳ್ಳು ಹೇಳಿದೆ. ಈಗ ತಿರಿವೇನಿ, ನೀರು ಕಾಯಾಕತ್ತಾವ."

ಮಂಟಪದ ಮೆಂಬರರು ತಮ್ಮ ತೊಡೆ ತಟ್ಟಿ ನಕ್ಕರು. ಈ ಸಲದ ನಗು ನನ್ನನ್ನು ಚುಚ್ಚಲಿಲ್ಲ.

"ಏ ಹುಚ್ಚಪ್ಪಾ! ನಮ್ಮ ಮಂಟಪದ ಬಾಗಲಾ ದಕ್ಷಿಣಕ್ಕ ಬರತೈತಂತ ನಾನೂ ಪ್ಲಾನು ತಿರಿವಿಸೇನೋ. ನಾ ಯಾವ ಬಾಯಿಲೆ ನಿನಗ ಅನ್ಲಿ?"

ಆಮೇಲೆ ಚರ್ಚೆ ಉದ್ದವಾಯಿತು. ಕೊನೆಗೆ ಠರಾವು ಪಾಸಾಯಿತು, ಅಕ್ಕ ತಂದಂತೆ ಪೂರ್ತಿ ಅಲ್ಲ. ಪಂಚಾಯತಿ ಕಟ್ಟಿಸುವ ದವಾಖಾನೆ, ಧರ್ಮಶಾಲೆಗಳಿಗೆ ಕಡ್ಡಾಯ. ಖಾಸಗಿಯವರಿಗೆ ಅವರವರ ಇಚ್ಛೆ. ಗಾಜಿನ ಮುಖ ದಕ್ಷಿಣಕ್ಕೇ ಇರಬೇಕು, ಕೂಡಿಸಿದವನು ದೀಪಾವಳಿ ಆದ ಮೇಲೆ ಒಮ್ಮೆ ಬಂದು ನೋಡಲೇಬೇಕು ಎಂಬ ಮಾತನ್ನು ಅಕ್ಕನೇ ಸೇರಿಸಿದಳು. ಜನರ ಮಾಳಿಗೆಯ ಮೇಲೆ ಏನಿರಬೇಕೆಂದು ಪಂಚಾಯತಿ ಹೇಳಬಹುದೇ ಎಂಬುದರ ಬಗ್ಗೆ ಊರಲ್ಲಿ ಇಂದಿಗೂ ಎರಡು ಮಾತಿದೆ. ಹೇಳಬಹುದು ಎಂದೇ ನನ್ನ ಅಭಿಪ್ರಾಯ. ಆದರೆ ಠರಾವು ಆ ದಿನ ಬಿದ್ದುಹೋಗಿದ್ದರೆ ಅದನ್ನು ಬೀಳಿಸುತ್ತಿದ್ದದ್ದು ಮಂಟಪದವರ ಮಾತಲ್ಲ, ನನ್ನ ಮಾತು.

ಸಭೆ ಮುಗಿದ ಮೇಲೆ ಅಕ್ಕ ನನಗಾಗಿ ಕಾಯದೆ ಹೊರಟಳು. ನಾನು ಹಿಂದೆ ಹಿಂದೆ ಹೋದೆ. ಅವಳು ದವಾಖಾನೆಯ ಹಿತ್ತಲಿಗೆ ಹೋಗಿ, ನೀರು ಕಾದ ದಿನದಿಂದ ಅಲ್ಲೇ ಬಿಟ್ಟಿದ್ದ ತನ್ನ ಕೊಡಗಳನ್ನು ನಳದ ಕೆಳಗೆ ತೊಳೆಯತೊಡಗಿದಳು. ಹಬೆ ಎದ್ದು ಅವಳ ಕನ್ನಡಕ ಮಂಜಾಯಿತು. ಒರೆಸಿಕೊಳ್ಳದೆ ಹಾಗೆಯೇ ಕೇಳಿದಳು, "ಮಂದಿ ಮುಂದ ಹೇಳಿದಿ, ಚಲೋ ಆತು. ನನಗೇನರ ಹೇಳೂದೈತೇನು?"

ಕೊಡವನ್ನು ಅವಳ ಕೈಯಿಂದ ತೆಗೆದುಕೊಂಡೆ.

"ಐತಿ. ದಿಕ್ಕು ತಿರಿವಿದ್ದು ಅಂಜಿಕಿಗೆ. ಅದನ್ನ ನೀ ಮರತರೂ ಮರತಿ. ಆದ್ರ ನೀ ಕೇಳಿದಾಗ ಸುಳ್ಳು ಹೇಳಿದೆ. ನಿನ್ನ ತಲಿಮ್ಯಾಲ ಕೊಡಾ ನೋಡಿ ಸುಮ್ಮನ ನಿಂತೆ. ತಪ್ಪಾತು. ಅಕ್ಕಾ, ನಂದು ತಪ್ಪಾತು."